ಬೀಗರೂಟದ ಸಾರು ಮತ್ತು ಕರುಳಿನ ಬದು: ನಂಜು ಕೊರೆಯುವುದು ಎಲ್ಲಿ, ಮುಚ್ಚಿಕೊಳ್ಳುವುದು ಹೇಗೆ

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆ ಹೊಳೆನರಸೀಪುರ ತಾಲ್ಲೂಕಿನ ಹಳ್ಳಿ. ಹನ್ನೆರಡು ದಿನದ ಹಿಂದೆ ತಂಗಿಯ ಮದುವೆಯ ಬೀಗರೂಟ ಇತ್ತು. ಕುರಿ ಸಾರು, ಬೋಟಿ ಗೊಜ್ಜು ಎರಡನ್ನೂ ಹಿಂದಿನ ರಾತ್ರಿಯೇ ದೊಡ್ಡ ತಪ್ಪಲೆಗಳಲ್ಲಿ ಮಾಡಿಟ್ಟು, ಬೆಳಿಗ್ಗೆ ಬಿಸಿ ಮಾಡಿ ಮಧ್ಯಾಹ್ನ ಎರಡು ಗಂಟೆಗೆ ಬಡಿಸಿದರು. ಅವತ್ತು ನಡುರಾತ್ರಿ ಹೊತ್ತಿಗೆ ಉಂಡವರಲ್ಲಿ ಮೂವತ್ತಕ್ಕೂ ಹೆಚ್ಚು ಜನಕ್ಕೆ ಹೊಟ್ಟೆ ಕಿವುಚಿಕೊಂಡು ನೀರುಭೇದಿ ಶುರುವಾಯಿತು. ವಾಂತಿ, ಜ್ವರ ಯಾರಿಗೂ ಇರಲಿಲ್ಲ. ಬಹಳಷ್ಟು ಜನ ಮಾರನೇ ದಿನ ರಾತ್ರಿಗೆ ಸುಧಾರಿಸಿಕೊಂಡರು. ಬಿಪಿ ಮಾತ್ರೆ ತೆಗೆದುಕೊಳ್ಳುವ ಅಮ್ಮ ಎರಡು ದಿನ ಮೇಲೇಳಲಿಲ್ಲ. ನಾಲ್ಕು ವರ್ಷದ ಮಗನಿಗೆ ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ಸಿರಪ್ ತಂದು ಐದು ದಿನ ಹಾಕಿದೆವು. ಅವನಿಗೆ ಈಗಲೂ ಹಾಲು ಕುಡಿದಾಗೆಲ್ಲ ಭೇದಿ. ‘ಬ್ಯಾಕ್ಟೀರಿಯಾದ ಟಾಕ್ಸಿನ್ ಕರುಳಿನ ಗೋಡೆಯನ್ನು ಕೆಡಿಸಿದೆ’ ಎಂದರು ಡಾಕ್ಟರು. ಗುರುತಿನವರೊಬ್ಬರು ‘ಸೋರುವ ಕರುಳಿಗೆ’ ಎಂದು ಮೂರು ತಿಂಗಳ ಪುಡಿ ಕೊಳ್ಳಲು ಹೇಳುತ್ತಿದ್ದಾರೆ. ಟಾಕ್ಸಿನ್ ಗೋಡೆಯನ್ನು ಹೇಗೆ ಕೆಡಿಸುತ್ತದೆ? ಅದು ಮತ್ತೆ ಸರಿಹೋಗುತ್ತದೆಯೇ? ಪುಡಿ ಬೇಕೇ? ಮುಂದಿನ ತಿಂಗಳು ತಮ್ಮನ ಬೀಗರೂಟವೂ ಇದೆ. ಏನು ಎಚ್ಚರ ವಹಿಸಬೇಕು?

ಉತ್ತರ: ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇವೆ. ನಿಮ್ಮ ಮಗನ ಕರುಳು ಶಾಶ್ವತವಾಗಿ ಕೆಟ್ಟಿಲ್ಲ. ಪುಡಿ ಬೇಡ. ಹಾಲನ್ನು ಕೆಲವು ದಿನ ನಿಲ್ಲಿಸಿ, ಮೊಸರು ಕೊಡಿ. ಇದನ್ನು ಏಕೆ ಹೇಳುತ್ತಿದ್ದೇವೆ ಎಂಬುದು ಕರುಳಿನ ಗೋಡೆ ಹೇಗಿದೆ, ಯಾವ ನಂಜು ಅದರ ಯಾವ ಭಾಗಕ್ಕೆ ಕೈಹಾಕುತ್ತದೆ ಎಂಬುದು ತಿಳಿದರೆ ಅರ್ಥವಾಗುತ್ತದೆ.

ನಿಮ್ಮ ಪತ್ರದಲ್ಲಿ ಬಹಳ ಬೆಲೆಯ ಮಾಹಿತಿ ಒಂದಿದೆ, ಗಂಟೆಯ ಲೆಕ್ಕ. ಮಧ್ಯಾಹ್ನ ಎರಡಕ್ಕೆ ಊಟ, ನಡುರಾತ್ರಿಗೆ ಹೊಟ್ಟೆನೋವು, ಅಂದರೆ ಹತ್ತು ಗಂಟೆಯ ಅಂತರ. ಉಂಡ ಒಂದರಿಂದ ಆರು ಗಂಟೆಯೊಳಗೆ ಎಲ್ಲರೂ ವಾಂತಿ ಮಾಡಿಕೊಂಡಿದ್ದರೆ ಸ್ಟ್ಯಾಫಿಲೊಕಾಕಸ್ ಅಥವಾ ಹಳೆಯ ಅನ್ನದ ಬ್ಯಾಸಿಲಸ್ ಸೀರಿಯಸ್ ಎನ್ನುತ್ತಿದ್ದೆವು. ಆ ನಂಜುಗಳು ಅಡುಗೆಯಲ್ಲೇ ತಯಾರಾಗಿ ಬಂದಿರುತ್ತವೆ. ಒಂದರಿಂದ ಮೂರು ದಿನ ಬಿಟ್ಟು ಜ್ವರದೊಂದಿಗೆ ಬಂದಿದ್ದರೆ ಸಾಲ್ಮೊನೆಲ್ಲಾ ನೆನಪಾಗುತ್ತಿತ್ತು. ಎಂಟರಿಂದ ಹನ್ನೆರಡು ಗಂಟೆ ಬಿಟ್ಟು, ಜ್ವರ ವಾಂತಿ ಇಲ್ಲದೆ, ಬರೀ ಹೊಟ್ಟೆ ಕಿವುಚಿ ನೀರುಭೇದಿಯಾಗಿ ಒಂದು ದಿನದಲ್ಲಿ ನಿಂತರೆ, ಅದೂ ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟ ಮಾಂಸದ ಸಾರು ಉಂಡವರಿಗೆ ಬಂದರೆ, ಮೊದಲ ಅನುಮಾನ ಹೋಗುವುದು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಮೇಲೆ. ಬ್ಯಾಸಿಲಸ್ ಸೀರಿಯಸ್‌ನ ಭೇದಿಯ ಬಗೆಯೂ ಇದೇ ಹೊತ್ತಿಗೆ ಬರುತ್ತದೆ. ಮಲವನ್ನು, ಉಳಿದ ಸಾರನ್ನು ಆಗಲೇ ಲ್ಯಾಬಿಗೆ ಕಳಿಸಿದ್ದರೆ ಮಾತ್ರ ಖಚಿತವಾಗಿ ಹೇಳಬಹುದಿತ್ತು. ಎಚ್ಚರಿಕೆ ಎರಡಕ್ಕೂ ಒಂದೇ.

ಈಗ ಗೋಡೆಯ ಮಾತು. ಬೋಟಿ ತೊಳೆದವರಿಗೆ ಕರುಳಿನ ಒಳಮೈ ಹೇಗಿರುತ್ತದೆಂದು ಗೊತ್ತು: ಮೇಲೆ ಲೋಳೆ, ಲೋಳೆ ತೆಗೆದರೆ ಮಖಮಲ್ಲಿನಂತೆ ಮೆತ್ತಗೆ. ಆ ಮೆತ್ತನೆ ಬರುವುದು ಬೆರಳಿನಂತೆ ಎದ್ದುನಿಂತ ಲಕ್ಷಾಂತರ ಪುಟ್ಟ ಕುಚ್ಚುಗಳಿಂದ. ಅವಕ್ಕೆ ವಿಲ್ಲಸ್ ಎನ್ನುತ್ತಾರೆ. ಮನುಷ್ಯರ ಸಣ್ಣಕರುಳೂ ಹೀಗೇ ಇದೆ. ಆ ಕುಚ್ಚುಗಳನ್ನು ಹೊದ್ದಿರುವುದು ಒಂದೇ ಒಂದು ಸಾಲು ಜೀವಕೋಶ, ಕೂದಲೆಳೆಗಿಂತ ತೆಳು. ಆಚೆ ಕಡೆ ಉಂಡದ್ದು, ಕುಡಿದದ್ದು, ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ಈಚೆ ಕಡೆ ರಕ್ತ. ಕುಡಿದ ನೀರು, ಜೊಲ್ಲು, ಜಠರರಸ, ಪಿತ್ತ ಎಲ್ಲ ಸೇರಿ ದಿನಕ್ಕೆ ಎಂಟೊಂಬತ್ತು ಲೀಟರ್ ಈ ಗೋಡೆಯ ಮುಂದೆ ಹಾದುಹೋಗುತ್ತದೆ. ಅಷ್ಟನ್ನೂ ಹೀರಿ, ಕೊನೆಗೆ ಮಲದಲ್ಲಿ ಉಳಿಯುವುದು 100–200 ಮಿಲಿಲೀಟರ್ ನೀರು. ಈ ಲೆಕ್ಕದಲ್ಲಿ ಸ್ವಲ್ಪ ಏರುಪೇರಾದರೂ ಅದು ಭೇದಿಯಾಗಿ ಕಾಣುತ್ತದೆ.

ಒಂದು ಕೋಶಕ್ಕೂ ಪಕ್ಕದ ಕೋಶಕ್ಕೂ ನಡುವಿನ ಸಂದನ್ನು ಮುಚ್ಚುವುದು ಟೈಟ್ ಜಂಕ್ಷನ್. ಅದನ್ನು ಬಿಗಿಬೆಸುಗೆ ಎನ್ನೋಣ. ಸಿಮೆಂಟು ಮೆತ್ತಿದ ಹಾಗೆ ಅದು ಜಡವಸ್ತುವಲ್ಲ. ಕ್ಲಾಡಿನ್, ಆಕ್ಲುಡಿನ್ ಎಂಬ ಪ್ರೊಟೀನುಗಳು ಎರಡೂ ಕೋಶಗಳಿಂದ ಹೊರಚಾಚಿ ಕೈಕೈ ಹಿಡಿದು ನಿಂತಿರುತ್ತವೆ. ಕ್ಲಾಡಿನ್‌ಗಳನ್ನು 1998ರಲ್ಲಿ ಗುರುತಿಸಿ ಹೆಸರಿಟ್ಟದ್ದು ಜಪಾನಿನ ಶೊಯಿಚಿರೊ ತ್ಸುಕಿತಾ ಅವರ ತಂಡ; ಲ್ಯಾಟಿನ್‌ನಲ್ಲಿ ‘ಮುಚ್ಚು’ ಎಂಬರ್ಥದ ಪದದಿಂದ ಆ ಹೆಸರು ಬಂತು. ಬೆಸುಗೆಯ ಒಳಗಡೆಯ ಕೊನೆಯನ್ನು ಕೋಶದೊಳಗಿನ ಆ್ಯಕ್ಟಿನ್ ಎಂಬ ಎಳೆಗಳ ಹಂದರ ಬಿಗಿಯಾಗಿ ಎಳೆದು ಹಿಡಿದಿರುತ್ತದೆ. ಹಂದರ ಸಡಿಲಾದರೆ ಬೆಸುಗೆಯೂ ಸಡಿಲ.

ಗದ್ದೆ ಮಾಡುವವರಿಗೆ ಇದನ್ನು ವಿವರಿಸುವುದು ಸುಲಭ. ಗದ್ದೆಯ ನೀರು ಎರಡು ಬಗೆಯಲ್ಲಿ ಖಾಲಿಯಾಗಬಹುದು. ಬದು ಗಟ್ಟಿಯಾಗಿಯೇ ಇದ್ದು ಯಾರೋ ಮಡೆ ಕಡಿದು ಬಿಟ್ಟಿರಬಹುದು. ಇಲ್ಲವೇ ಏಡಿ ಬದುವನ್ನೇ ಕೊರೆದಿರಬಹುದು. ಎರಡರಲ್ಲೂ ಗದ್ದೆ ಒಣಗುತ್ತದೆ, ಆದರೆ ರಿಪೇರಿ ಬೇರೆ ಬೇರೆ. ಬ್ಯಾಕ್ಟೀರಿಯಾದ ನಂಜುಗಳಲ್ಲೂ ಹೀಗೆ ಎರಡು ಜಾತಿ ಇದೆ. ಟಾಕ್ಸಿನ್ ಎಂದೊಡನೆ ಗೋಡೆ ಒಡೆಯಿತು ಎಂದುಕೊಳ್ಳುವುದು ತಪ್ಪು.

ಮಡೆ ಕಡಿಯುವುದಕ್ಕೆ ಕಾಲರಾ ನಂಜು ಒಳ್ಳೆಯ ಉದಾಹರಣೆ. ಕಾಲರಾದಲ್ಲಿ ಕರುಳಿನ ಗೋಡೆ ಸೂಕ್ಷ್ಮದರ್ಶಕದಲ್ಲಿ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ. ನಂಜು ಕೋಶದೊಳಗೆ ಹೋಗಿ ಒಂದು ಸ್ವಿಚ್ಚನ್ನು ‘ಆನ್’ ಸ್ಥಿತಿಯಲ್ಲೇ ಸಿಕ್ಕಿಸಿಬಿಡುತ್ತದೆ. ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಏರುತ್ತದೆ, ಕ್ಲೋರೈಡಿನ ಬಾಗಿಲು ತೆರೆದೇ ಉಳಿಯುತ್ತದೆ, ಉಪ್ಪಿನ ಹಿಂದೆ ನೀರು ಗಂಟೆಗೆ ಒಂದು ಲೀಟರಿನಷ್ಟು ಹೊರಬೀಳಬಹುದು. ಈ ನಂಜು ಕೆಲಸ ಮಾಡುವುದು ಕರುಳಿನ ಒಳಗೇ ಎಂದು 1959ರಲ್ಲಿ ತೋರಿಸಿದವರು ಕೋಲ್ಕತ್ತದ ಶಂಭುನಾಥ ಡೇ. ಮೊಲದ ಕರುಳಿನ ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ಬರೀ ತಿಳಿಯನ್ನು ಒಳಗೆ ಬಿಟ್ಟರು. ಕಟ್ಟಿದ ಕರುಳು ನೀರು ತುಂಬಿ ಉಬ್ಬಿತು. ಅಷ್ಟು ಸರಳ ಪ್ರಯೋಗ, ಅಷ್ಟು ದೊಡ್ಡ ಉತ್ತರ. ಮಕ್ಕಳ ನೀರುಭೇದಿಗೆ ಕಾರಣವಾಗುವ ಇ. ಕೋಲಿಯ ಒಂದು ಬಗೆಯೂ ಇದೇ ದಾರಿ ಹಿಡಿಯುತ್ತದೆ. ಇಲ್ಲಿ ಗೋಡೆ ಗಟ್ಟಿಯಾಗಿಯೇ ಇರುವುದರಿಂದ, ಸಕ್ಕರೆಯ ಜೊತೆ ಸೋಡಿಯಂ ಅನ್ನು ಒಳಗೆ ಎಳೆದುಕೊಳ್ಳುವ ಇನ್ನೊಂದು ಬಾಗಿಲು ಕೆಟ್ಟಿರುವುದಿಲ್ಲ. ಸಕ್ಕರೆ, ಉಪ್ಪು ಬೆರೆಸಿದ ಓಆರ್‌ಎಸ್ ನೀರು ಜೀವ ಉಳಿಸುವುದು ಆ ಬಾಗಿಲಿನಿಂದ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬೀಸ್ ಅದನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದಾಗ ಸಾವಿನ ಪ್ರಮಾಣ ಸುಮಾರು ಶೇ. 30ರಿಂದ ಶೇ. 4ಕ್ಕಿಂತ ಕೆಳಗಿಳಿಯಿತು.

ಪರ್ಫ್ರಿಂಜೆನ್ಸ್ ಈ ಜಾತಿಯದಲ್ಲ. ಅದು ಬದುವನ್ನೇ ಕೊರೆಯುವ ಏಡಿ. ನಿಮ್ಮ ಮನೆಯಲ್ಲಿ ಏನಾಗಿರಬಹುದು ಎಂಬುದನ್ನು ತಪ್ಪಲೆಯಿಂದಲೇ ಹಿಡಿದು ನೋಡೋಣ.

ಈ ಬ್ಯಾಕ್ಟೀರಿಯಾ ಮಣ್ಣಿನಲ್ಲಿದೆ, ಕುರಿ ಕೋಳಿಗಳ ಕರುಳಿನಲ್ಲಿದೆ, ಧನಿಯ ಮೆಣಸಿನಂಥ ಮಸಾಲೆಯಲ್ಲೂ ಇರುತ್ತದೆ. ಕಷ್ಟಕಾಲಕ್ಕೆ ಬೀಜದಂಥ ಗಟ್ಟಿ ಚಿಪ್ಪು ಕಟ್ಟಿಕೊಳ್ಳುತ್ತದೆ, ಅದು ಸ್ಪೋರ್. ಸಾರು ಎಷ್ಟು ಕುದ್ದರೂ ಈ ಸ್ಪೋರ್ ಸಾಯುವುದಿಲ್ಲ. ಕೆಲವು ತಳಿಗಳ ಸ್ಪೋರ್ ಒಂದು ಗಂಟೆ ಕುದಿಸಿದರೂ ಉಳಿಯುತ್ತದೆ. ಹಾಸನ ಸಮುದ್ರಮಟ್ಟಕ್ಕಿಂತ ಸುಮಾರು 950 ಮೀಟರ್ ಮೇಲಿರುವುದರಿಂದ ನಮ್ಮಲ್ಲಿ ನೀರು ಕುದಿಯುವುದೇ 97 ಡಿಗ್ರಿಗೆ. ಕುದಿತ ಸ್ಪೋರನ್ನು ಕೊಲ್ಲುವ ಬದಲು ಎಬ್ಬಿಸುತ್ತದೆ. ಜೊತೆಗೆ ಸಾರಿನಲ್ಲಿದ್ದ ಆಮ್ಲಜನಕವನ್ನೂ ಓಡಿಸುತ್ತದೆ. ಆಮ್ಲಜನಕವನ್ನು ಸಹಿಸದ ಈ ಬ್ಯಾಕ್ಟೀರಿಯಾಕ್ಕೆ ಅಂಥ ಜಾಗವೇ ಬೇಕು. ಒಲೆ ಆರಿಸಿ ಮುಚ್ಚಳ ಹಾಕಿದ ಮೇಲೆ ಸಾರು 50 ಡಿಗ್ರಿಗಿಂತ ಕೆಳಗಿಳಿದಾಗ ಸ್ಪೋರ್ ಮೊಳೆಯುತ್ತದೆ. 43ರಿಂದ 47 ಡಿಗ್ರಿಯಲ್ಲಿ, ಎಲ್ಲ ಹದವಾಗಿದ್ದರೆ, ಸುಮಾರು ಹತ್ತೇ ನಿಮಿಷಕ್ಕೆ ಒಂದು ಎರಡಾಗುತ್ತದೆ. ಲೆಕ್ಕ ಹಾಕಿ ನೋಡಿ: ಮೂರು ಗಂಟೆ ಇಪ್ಪತ್ತು ನಿಮಿಷದಲ್ಲಿ ಇಪ್ಪತ್ತು ಸಲ ಇಮ್ಮಡಿ, ಅಂದರೆ ಒಂದು ಹತ್ತು ಲಕ್ಷ ದಾಟಿತು. ‘ಬಡವರ ಊಟಿ’ ಎನ್ನಿಸಿಕೊಂಡ ಹಾಸನದ ರಾತ್ರಿ ಚಳಿ ನಮಗೆ ಮಾತ್ರ. ಮೇಲೆ ಕೊಬ್ಬು ಕೆನೆಗಟ್ಟಿ, ಮುಚ್ಚಳ ಹೊದ್ದು ಕೂತ ಅರವತ್ತು ಲೀಟರಿನ ತಪ್ಪಲೆಯ ನಡುಮಧ್ಯ ಬೆಳಗಿನ ಜಾವಕ್ಕೂ ಬೆಚ್ಚಗೇ ಇರುತ್ತದೆ.

ಬೆಳಿಗ್ಗೆ ಮತ್ತೆ ತಳದಿಂದ ತುದಿಯವರೆಗೆ ಕೊತಕೊತ ಕುದಿಸಿದ್ದರೆ ಮೊಳೆತವೆಲ್ಲ ಸಾಯುತ್ತಿದ್ದವು. ‘ಬಿಸಿ ಮಾಡಿ’ ಎಂದು ಬರೆದಿದ್ದೀರಿ. ತೊಂದರೆ ಬಹುಶಃ ಅಲ್ಲೇ ಆಗಿದೆ. ಕೈಗೆ ಬಿಸಿಯೆನಿಸುವ 50 ಡಿಗ್ರಿ ಈ ಬ್ಯಾಕ್ಟೀರಿಯಾವನ್ನು ಕೊಲ್ಲದು.

ಹೀಗೆ ಕೋಟಿಗಟ್ಟಲೆ ಜೀವಂತ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋಗುತ್ತದೆ. ಜಠರದ ಆಮ್ಲ ಒಂದಷ್ಟನ್ನು ಕೊಲ್ಲುತ್ತದೆ, ಉಳಿದವು ಸಣ್ಣಕರುಳಿಗೆ ಇಳಿದು ಅಲ್ಲಿ ಮತ್ತೆ ಸ್ಪೋರ್ ಕಟ್ಟತೊಡಗುತ್ತವೆ. ನಂಜು ತಯಾರಾಗುವುದು ಆ ಹೊತ್ತಿನಲ್ಲಿ, ತಾಯಿಕೋಶದ ಒಳಗೆ. ಸ್ಪೋರ್ ಹೊರಬರಲು ತಾಯಿಕೋಶ ಒಡೆದಾಗ ನಂಜೂ ಒಟ್ಟಿಗೇ ಸುರಿಯುತ್ತದೆ. ಆ ಎಂಟು ಹತ್ತು ಗಂಟೆಯ ಅಂತರ ಬರುವುದು ಇದರಿಂದ.

ಸುರಿದ ನಂಜು ಹುಡುಕಿ ಹಿಡಿಯುವುದು ಕ್ಲಾಡಿನ್-3 ಮತ್ತು ಕ್ಲಾಡಿನ್-4 ಅನ್ನು, ಅಂದರೆ ಬೆಸುಗೆಯ ಕೈಗಳನ್ನೇ. ನಂಜಿನ ಪ್ರೊಟೀನಿನ ಬಾಲದ ಅರ್ಧ ಕ್ಲಾಡಿನ್‌ಗೆ ಅಂಟಿಕೊಳ್ಳುತ್ತದೆ, ತಲೆಯ ಅರ್ಧ ತೂತು ಕೊರೆಯಲು. ಹೀಗೆ ಅಂಟಿದ ಆರು ನಂಜುಗಳು ಸುತ್ತ ಕೂಡಿ ಬಳೆಯಾಗುತ್ತವೆ, ಬಳೆ ಕೋಶದ ಪೊರೆಯೊಳಗೆ ಇಳಿದು ರಂಧ್ರವಾಗುತ್ತದೆ. ರಂಧ್ರದಿಂದ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಜೀವಕೋಶಕ್ಕೆ ಒಳಗಿನ ಕ್ಯಾಲ್ಸಿಯಂ ಮಟ್ಟ ಪ್ರಾಣದಷ್ಟು ಮುಖ್ಯ. ಅದು ಏರಿದರೆ ಕೋಶ ಸಾಯುತ್ತದೆ. ನಂಜು ಕಡಿಮೆಯಿದ್ದರೆ ಶಿಸ್ತಾಗಿ ಮುದುಡಿ ಸಾಯುತ್ತದೆ, ಹೆಚ್ಚಿದ್ದರೆ ಉಬ್ಬಿ ಒಡೆಯುತ್ತದೆ. ಸತ್ತ ಕೋಶ ಕಳಚಿದಾಗ ಪಕ್ಕದ ಬೆಸುಗೆಗಳೂ ಬಿಡುತ್ತವೆ. ನಂಜು ಆಕ್ಲುಡಿನ್ ಅನ್ನೂ ತನ್ನ ಗುಂಪಿಗೆ ಎಳೆದುಕೊಂಡು ಜಾಗ ತಪ್ಪಿಸುತ್ತದೆ. ಹೆಚ್ಚು ಪೆಟ್ಟು ಬೀಳುವುದು ಕುಚ್ಚುಗಳ ತುದಿಗೆ. ತುದಿ ಬೋಳಾಗಿ ಒಳಗಿನ ದ್ರವ ಹೊರಗೆ ಸೋರುತ್ತದೆ. ಈ ‘ತುದಿ’ ಎಂಬ ಮಾತನ್ನು ನೆನಪಿನಲ್ಲಿಡಿ, ನಿಮ್ಮ ಮಗನ ಹಾಲಿನ ಸಮಸ್ಯೆ ಅಲ್ಲೇ ಇದೆ.

ಬೇರೆ ಬಗೆಯ ಕೊರೆತವೂ ಇದೆ, ಅದರಲ್ಲಿ ಎರಡನ್ನು ಹೇಳಲೇಬೇಕು. ಒಂದು ಕ್ಲಾಸ್ಟ್ರಿಡಿಯಂ ಡಿಫಿಸೀಲ್. ಇದರ ಎರಡು ನಂಜುಗಳು ಬೆಸುಗೆಯನ್ನು ನೇರವಾಗಿ ಮುಟ್ಟುವುದಿಲ್ಲ. ಕೋಶದ ಒಳಹೊಕ್ಕು ರೋ ಎಂಬ ಪ್ರೊಟೀನುಗಳಿಗೆ ಗ್ಲೂಕೋಸ್ ಅಂಟಿಸಿ ಅವನ್ನು ಸುಮ್ಮನಾಗಿಸುತ್ತವೆ. ಆ್ಯಕ್ಟಿನ್ ಹಂದರವನ್ನು ನಿಲ್ಲಿಸಿರುವವು ಆ ಪ್ರೊಟೀನುಗಳೇ. ಗೂಟ ಕಿತ್ತ ಚಪ್ಪರದಂತೆ ಕೋಶ ಕುಸಿಯುತ್ತದೆ, ಬೆಸುಗೆ ಬಿಚ್ಚುತ್ತದೆ. ಇದು ನಮ್ಮ ನಡುವೆ ತಲೆಯೆತ್ತುವುದು ಆಂಟಿಬಯಾಟಿಕ್‌ನಿಂದ: ದೊಡ್ಡಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತ ಜಾಗದಲ್ಲಿ ಇದು ಬೆಳೆಯುತ್ತದೆ. ಕ್ಲಿಂಡಮೈಸಿನ್, ಸೆಫಲೊಸ್ಪೊರಿನ್ ಗುಂಪು, ಸಿಪ್ರೊಫ್ಲಾಕ್ಸಸಿನ್ ಗುಂಪು ಇದಕ್ಕೆ ಹೆಚ್ಚು ದಾರಿ ಮಾಡಿಕೊಡುತ್ತವೆ. ಇದರ ಸ್ಪೋರಿಗೆ ಸ್ಯಾನಿಟೈಜರ್ ನಾಟುವುದಿಲ್ಲ, ಸೋಪು ಹಚ್ಚಿ ನೀರಿನಲ್ಲಿ ಕೈ ತಿಕ್ಕಿ ತೊಳೆಯಬೇಕು.

ಇನ್ನೊಂದು ಶಿಗಾ ನಂಜು, ಇ. ಕೋಲಿ ಒ157ರಂಥ ತಳಿಗಳದು. ಇದು ಕೋಶದ ಪ್ರೊಟೀನು ತಯಾರಿಕೆಯನ್ನೇ ನಿಲ್ಲಿಸುತ್ತದೆ, ಕರುಳಿನಿಂದ ರಕ್ತಕ್ಕೆ ಹೋಗಿ ಮೂತ್ರಪಿಂಡದ ಸಣ್ಣ ರಕ್ತನಾಳಗಳನ್ನು ಹಾಳುಮಾಡುತ್ತದೆ. ಮಕ್ಕಳಲ್ಲಿ ರಕ್ತಭೇದಿ ಶುರುವಾದ ಐದರಿಂದ ಹತ್ತು ದಿನಕ್ಕೆ ಮುಖ ಬಿಳಿಚಿ ಮೂತ್ರ ಕಡಿಮೆಯಾದರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಬೇಕು. ಈ ಸೋಂಕಿನಲ್ಲಿ ಆಂಟಿಬಯಾಟಿಕ್, ಭೇದಿ ನಿಲ್ಲಿಸುವ ಮಾತ್ರೆ ಎರಡೂ ಅಪಾಯ ಹೆಚ್ಚಿಸಬಹುದು. ನಿಮ್ಮ ಮನೆಯಲ್ಲಿ ರಕ್ತ ಕಂಡಿಲ್ಲ, ಹಾಗಾಗಿ ಈ ಮಾತು ಮುಂದಿನ ಎಚ್ಚರಕ್ಕೆ.

ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ಕರುಳಿನ ಗೋಡೆಯಷ್ಟು ಬೇಗ ಹೊಸದಾಗುವ ಅಂಗಾಂಶ ದೇಹದಲ್ಲಿ ಕಡಿಮೆ. ಕುಚ್ಚುಗಳ ಬುಡದ ಕುಳಿಗಳಲ್ಲಿ ಕಾಂಡಕೋಶಗಳಿವೆ. ಅಲ್ಲಿ ಹುಟ್ಟಿದ ಕೋಶ ಮೇಲೇರುತ್ತಾ ಮೂರರಿಂದ ಐದು ದಿನಕ್ಕೆ ತುದಿ ಸೇರಿ ಉದುರುತ್ತದೆ, ಆರೋಗ್ಯವಾಗಿದ್ದಾಗಲೂ. ತುದಿ ಬೋಳಾದರೆ ಮೊದಲು ಕುಚ್ಚು ತಾನೇ ಕುಗ್ಗಿ ಗಾಯ ಚಿಕ್ಕದು ಮಾಡಿಕೊಳ್ಳುತ್ತದೆ. ಪಕ್ಕದ ಕೋಶಗಳು ಗಂಟೆಗಳಲ್ಲೇ ಚಪ್ಪಟೆಯಾಗಿ ಹರಿದು ಗಾಯ ಮುಚ್ಚುತ್ತವೆ. ಆಮೇಲೆ ಬುಡದಿಂದ ಹೊಸ ಕೋಶ ಬರುತ್ತದೆ. ಪರ್ಫ್ರಿಂಜೆನ್ಸ್ ನಂಜು ತಗುಲಿದ ಹೆಚ್ಚಿನವರು ಒಂದೇ ದಿನಕ್ಕೆ ಎದ್ದು ಓಡಾಡುವುದು ಇದರಿಂದ. ಸೋಂಕಿನ ಭೇದಿ ಆದವರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ತಿಂಗಳುಗಟ್ಟಲೆ ಹೊಟ್ಟೆ ಹಿಡಿದು ಬಿಡುವ ತೊಂದರೆ ಉಳಿಯುವುದುಂಟು, ಆದರೆ ಅದು ಹೆಚ್ಚಾಗಿ ದಿನಗಟ್ಟಲೆ ಜ್ವರ, ರಕ್ತದೊಂದಿಗೆ ನರಳಿದವರಲ್ಲಿ. ಒಂದು ದಿನದ ನೀರುಭೇದಿಗೆ ಆ ಭಯ ಬೇಡ.

ಹಾಲು ಮಾತ್ರ ಏಕೆ ಆಗುತ್ತಿಲ್ಲ? ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಇರುವುದು ಕುಚ್ಚುಗಳ ಮೇಲ್ಭಾಗದ ಬಲಿತ ಕೋಶಗಳಲ್ಲಿ. ಮೊದಲು ಉದುರಿದ್ದು ಅವೇ. ಹೊಸದಾಗಿ ಬಂದ ಕೋಶ ನೀರು ತಡೆಯುವಷ್ಟು ಬೇಗ ಲ್ಯಾಕ್ಟೇಸ್ ತಯಾರಿಸುವಷ್ಟು ಬಲಿಯುವುದಿಲ್ಲ. ಜೀರ್ಣವಾಗದ ಹಾಲಿನ ಸಕ್ಕರೆ ದೊಡ್ಡಕರುಳಿಗೆ ಹೋಗಿ ನೀರೆಳೆದು, ಹುಳಿತು, ಗ್ಯಾಸ್ ಆಗುತ್ತದೆ. ನೊರೆನೊರೆಯಾಗಿ, ಹುಳಿ ವಾಸನೆಯ ಭೇದಿ, ಹೊಟ್ಟೆಯುಬ್ಬರ, ಗುದದ ಸುತ್ತ ಕೆಂಪು, ಇವು ಕಂಡರೆ ಕಾರಣ ಬಹುತೇಕ ಇದೇ. ಸಣ್ಣ ಮಕ್ಕಳಲ್ಲಿ ಇದು ಎರಡರಿಂದ ನಾಲ್ಕು ವಾರ ಇರಬಹುದು.

ಹೀಗೆ ಮಾಡಿ. ಹಾಲು, ಹಾಲು ಹಾಕಿದ ಮಾಲ್ಟ್, ಹಾಲಿನ ಸಿಹಿ ಒಂದು ವಾರ ನಿಲ್ಲಿಸಿ. ಚೆನ್ನಾಗಿ ಹೆಪ್ಪುಗಟ್ಟಿದ ಮೊಸರು, ಮಜ್ಜಿಗೆ ಕೊಡಬಹುದು; ಹೆಪ್ಪಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಒಂದಷ್ಟು ಮುರಿದಿರುತ್ತದೆ. ಮುದ್ದೆ, ಅನ್ನ ಸಾರು, ಬೇಳೆ, ಬಾಳೆಹಣ್ಣು, ತುಪ್ಪ ಯಾವುದಕ್ಕೂ ಅಡ್ಡಿಯಿಲ್ಲ. ‘ಭೇದಿಗೆ ಲಂಘನವೇ ಮದ್ದು’ ಎಂದು ಮಗುವನ್ನು ಉಪವಾಸ ಹಾಕಬೇಡಿ, ಹೊಸ ಕೋಶಕ್ಕೆ ಊಟ ಬೇಕು. ಹಾಲು ಬಿಟ್ಟರೆ ಕ್ಯಾಲ್ಸಿಯಂ ಹೋಯಿತೆಂಬ ಚಿಂತೆಯೂ ಬೇಡ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ವಾರದ ಮೇಲೆ ಊಟವಾದ ಬಳಿಕ 50 ಮಿಲಿಲೀಟರ್ ಹಾಲನ್ನು ರಾಗಿ ಗಂಜಿಗೆ ಬೆರೆಸಿ ಕೊಟ್ಟು ನೋಡಿ. ಎರಡು ದಿನ ಸರಿಯಿದ್ದರೆ 100, ಮತ್ತೆರಡು ದಿನಕ್ಕೆ 150. ಮತ್ತೆ ಸಡಿಲವಾದರೆ ಒಂದು ಮೆಟ್ಟಿಲು ಹಿಂದೆ ಬಂದು ಇನ್ನೊಂದು ವಾರ ಕಾಯಿರಿ. ಜೊತೆಗೆ ಜಿಂಕ್ ಮಾತ್ರೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಗೋಡೆಗೆ ಪುರಾವೆಯಿರುವ ಮದ್ದು ಇದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಓಆರ್‌ಎಸ್ ಜೊತೆ ಉಚಿತವಾಗಿ ಸಿಗುತ್ತದೆ.

ಹಾಲು ಬಿಟ್ಟರೂ ಭೇದಿ ನಿಲ್ಲದಿದ್ದರೆ ನಮ್ಮ ಊಹೆ ತಪ್ಪು ಎಂದರ್ಥ. ಒಟ್ಟು ಹದಿನಾಲ್ಕು ದಿನ ದಾಟಿದ ಭೇದಿಯನ್ನು ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ನಿಮಗೆ ಅದಕ್ಕೆ ಎರಡೇ ದಿನ ಉಳಿದಿದೆ. ಬಾವಿ, ಕೆರೆ ನೀರಿನ ಊರುಗಳಲ್ಲಿ ಜಿಯಾರ್ಡಿಯಾ ಎಂಬ ಪರಾವಲಂಬಿ ಇದೇ ವೇಷದಲ್ಲಿ ಬರುತ್ತದೆ. ಬೇರೆ ಬೇರೆ ದಿನದ ಮೂರು ಮಲ ಪರೀಕ್ಷೆ ಮಾಡಿಸುತ್ತಾರೆ. ಕೊಟ್ಟ ಸಿರಪ್ಪಿನ ಬಾಟಲಿಯನ್ನೂ ತೆಗೆದುಕೊಂಡು ಹೋಗಿ. ಆಂಟಿಬಯಾಟಿಕ್‌ನಿಂದಲೇ ಆದ ಭೇದಿಯೋ ಎಂದು ಅವರು ನೋಡಬೇಕಾಗುತ್ತದೆ. ನಂಜು ಒಮ್ಮೆ ಸುರಿದ ಮೇಲೆ ಆಂಟಿಬಯಾಟಿಕ್‌ಗೆ ಅದರ ಮೇಲೆ ಯಾವ ಹಿಡಿತವೂ ಇಲ್ಲ. ಪರ್ಫ್ರಿಂಜೆನ್ಸ್ ಊಟದ ನಂಜಿಗೆ ಅದು ಬೇಕಿರಲಿಲ್ಲ. ಮಗುವಿನ ಸಂಕಟ ನೋಡಲಾರದೆ ತಂದದ್ದು ನಮಗೆ ಅರ್ಥವಾಗುತ್ತದೆ. ಇನ್ನೊಮ್ಮೆ ವೈದ್ಯರ ಚೀಟಿಯಿಲ್ಲದೆ ಬೇಡ.

ಅಮ್ಮನ ವಿಷಯ. ಭೇದಿಯಲ್ಲಿ ಮೈನೀರು ಹೋಗಿರುವಾಗ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ, ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆ, ಮೇಲೆ ನೋವಿಗೆಂದು ಡೈಕ್ಲೊಫೆನ್ಯಾಕ್, ಈ ಮೂರೂ ಸೇರಿದರೆ ಮೂತ್ರಪಿಂಡಕ್ಕೆ ದೊಡ್ಡ ಪೆಟ್ಟು. ಡೈಕ್ಲೊಫೆನ್ಯಾಕ್, ಐಬುಪ್ರೊಫೆನ್ ಕರುಳಿನ ಬೆಸುಗೆಯನ್ನೂ ಸಡಿಲಿಸುತ್ತವೆ, ಹೊಟ್ಟೆನೋವಿಗೆ ಅವು ಬೇಡವೇ ಬೇಡ. ಭೇದಿಯ ದಿನ ಯಾವ ಮಾತ್ರೆ ನಿಲ್ಲಿಸಬೇಕು ಎಂದು ಅಮ್ಮನ ವೈದ್ಯರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಎರಡು ದಿನ ಏಳಲಾಗದಷ್ಟು ಸುಸ್ತಾಗಿದ್ದರಿಂದ ಮೂತ್ರಪಿಂಡ ಸರಿಯಿದೆಯೇ ಎಂದು ತಿಳಿಯಲು ಒಮ್ಮೆ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಭೇದಿ ನಿಲ್ಲಿಸುವ ಲೋಪೆರಮೈಡ್ ಕೂಡ ಇಂಥ ನಂಜಿನಲ್ಲಿ ಬೇಡ ಎನ್ನುತ್ತೇವೆ. ಭೇದಿಯೇ ನಂಜನ್ನು ಹೊರಗೆ ತೊಳೆಯುವುದು. 2010ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಹಿಂದಿನ ದಿನ ಬೇಯಿಸಿಟ್ಟ ಕೋಳಿ ತಿಂದು ಮೂವರು ರೋಗಿಗಳು ಇದೇ ಬ್ಯಾಕ್ಟೀರಿಯಾದಿಂದ ಸತ್ತರು. ಅಲ್ಲಿನ ರೋಗಿಗಳು ತೆಗೆದುಕೊಳ್ಳುತ್ತಿದ್ದ ಔಷಧಿಗಳು ಕರುಳಿನ ಚಲನೆಯನ್ನು ನಿಧಾನಿಸಿ, ನಂಜು ಒಳಗೇ ನಿಲ್ಲುವಂತೆ ಮಾಡುವಂಥವು.

ಓಆರ್‌ಎಸ್ ಬಗ್ಗೆ ಒಂದೇ ಎಚ್ಚರಿಕೆ. 20.5 ಗ್ರಾಮಿನ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಅರ್ಧ ಪೊಟ್ಟಣವನ್ನು ಲೋಟಕ್ಕೆ ಅಂದಾಜಿನಲ್ಲಿ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ತಲೆತಟ್ಟಿ ಅಳೆದದ್ದು. ನಾಲ್ಕು ವರ್ಷದ ಮಗುವಿಗೆ ಪ್ರತಿ ಭೇದಿಗೆ 100ರಿಂದ 200 ಮಿಲಿಲೀಟರ್, ಗುಟುಕು ಗುಟುಕಾಗಿ. ಕಣ್ಣು ಗುಳಿಬಿದ್ದು ಬಾಯಾರಿ ಹಟಮಾಡುತ್ತಿದ್ದರೆ ನಾಲ್ಕು ಗಂಟೆಯಲ್ಲಿ ಕೆಜಿ ತೂಕಕ್ಕೆ 75 ಮಿಲಿಲೀಟರ್, ಅಂದರೆ 15 ಕೆಜಿ ಮಗುವಿಗೆ ಸುಮಾರು 1.1 ಲೀಟರ್. ಮಂಪರಾಗಿ ಕುಡಿಯಲೂ ಆಗದಿದ್ದರೆ 108ಕ್ಕೆ ಕರೆ ಮಾಡಿ.

ಪುಡಿಯ ಬಗ್ಗೆ ನಮ್ಮ ಅಭಿಪ್ರಾಯ ನೇರವಾಗಿದೆ: ಆ ದುಡ್ಡಿಗೆ ಮೊಟ್ಟೆ, ಹಣ್ಣು, ಕಾಳು ತನ್ನಿ. ಕರುಳು ಸೋರುವುದು ನಿಜವಾದ ಸಂಗತಿ, ಮೇಲೆ ವಿವರಿಸಿದ್ದು ಅದನ್ನೇ. ಆದರೆ ‘ಸೋರುವ ಕರುಳು’ ಎಂಬ ಹೆಸರಿನಲ್ಲಿ ಮಾರುವ ಕಾಯಿಲೆಗೆ ನಂಬಬಹುದಾದ ಮನೆ ಪರೀಕ್ಷೆ ಇಲ್ಲ. ಝೊನುಲಿನ್ ಎಂಬುದು ಬೆಸುಗೆಯನ್ನು ಸಡಿಲಿಸುವ ಪ್ರೊಟೀನು; ಅದರ ಪರೀಕ್ಷೆ ಎಂದು ಮಾರುವ ಕಿಟ್‌ಗಳು ಝೊನುಲಿನ್ ಬಿಟ್ಟು ಬೇರೆ ಪ್ರೊಟೀನುಗಳನ್ನು ಹಿಡಿಯುತ್ತವೆ ಎಂದು ಸಂಶೋಧಕರು ತೋರಿಸಿದ್ದಾರೆ. ಬೆಸುಗೆ ಬಿಗಿಯಾಗಿಸಲೆಂದೇ ರೂಪಿಸಿದ ಲರಾಜೊಟೈಡ್ ಎಂಬ ಔಷಧಿಯ ಮೂರನೇ ಹಂತದ ಪ್ರಯೋಗ, ಗೋಧಿಯ ಗ್ಲುಟನ್ ಆಗದ ಸೀಲಿಯಾಕ್ ರೋಗಿಗಳಲ್ಲಿ, ಉಪಯೋಗ ಕಾಣುವ ಸೂಚನೆಯಿಲ್ಲದೆ 2022ರಲ್ಲಿ ನಿಂತುಹೋಯಿತು. ವರ್ಷಗಟ್ಟಲೆ ಪರೀಕ್ಷೆಗೆ ಒಳಗಾದ ಔಷಧಿಯ ಗತಿ ಇದಾದರೆ, ಯಾವ ಪರೀಕ್ಷೆಯನ್ನೂ ದಾಟದ ಪುಡಿಯನ್ನು ನಾಲ್ಕು ವರ್ಷದ ಮಗುವಿಗೆ ಹೇಗೆ ಕೊಡುವುದು? ದೊಡ್ಡಕರುಳಿನ ಕೋಶಗಳ ಮುಖ್ಯ ಆಹಾರ ಬ್ಯುಟಿರೇಟ್. ಅದು ಸಿಗುವುದು ನಾವು ತಿಂದ ನಾರನ್ನು ಕರುಳಿನ ಬ್ಯಾಕ್ಟೀರಿಯಾ ಹುಳಿಸಿದಾಗ. ರಾಗಿ, ಹುರುಳಿ, ಅವರೆ, ಸೊಪ್ಪು ಇರುವ ನಿಮ್ಮ ಮನೆಯ ಊಟದಲ್ಲಿ ಅದಕ್ಕೆ ಕೊರತೆಯಿಲ್ಲ.

ಇನ್ನು ತಮ್ಮನ ಬೀಗರೂಟ. ಎಲ್ಲಕ್ಕಿಂತ ಒಳ್ಳೆಯದು ಅವತ್ತೇ ಮಾಡಿ ಅವತ್ತೇ ಬಡಿಸುವುದು. ಮಧ್ಯಾಹ್ನ ಒಂದಕ್ಕೆ ಪಂಕ್ತಿ ಎಂದರೆ ಬೆಳಗಿನ ಜಾವ ಐದಕ್ಕೆ ಒಲೆ ಹಚ್ಚಲು ಅಡುಗೆಯವರಿಗೆ ಮುಂಗಡ ಕೊಡುವಾಗಲೇ ಹೇಳಿ. ರಾತ್ರಿಯೇ ಆಗಬೇಕಾದ ಕೆಲಸವೆಂದರೆ ಈರುಳ್ಳಿ ಹೆಚ್ಚುವುದು, ಮಸಾಲೆ ಹುರಿದಿಡುವುದು. ಕಾಯಿ ಅರೆಯುವುದು ಬೆಳಿಗ್ಗೆಗೇ ಇರಲಿ. ಮಾಂಸವನ್ನು ರಾತ್ರಿ ಅರ್ಧ ಬೇಯಿಸಿಡುವ ರೂಢಿ ಅತಿ ಕೆಟ್ಟದ್ದು: ಸ್ಪೋರ್ ಎಬ್ಬಿಸಿ, ಬೆಚ್ಚಗೆ ಮಲಗಿಸಿದಂತಾಗುತ್ತದೆ. ಹಸಿ ಮಾಂಸ ಐಸಿನಲ್ಲಿರಲಿ.

ಕುದಿ ಮುಗಿದ ಮೇಲೆ ಬಡಿಸುವ ತನಕ ತಪ್ಪಲೆಯಡಿ ಸಣ್ಣ ಉರಿ ಇರಬೇಕು, ಸಾರಿನ ನಡುಮಧ್ಯ 60 ಡಿಗ್ರಿಗಿಂತ ಇಳಿಯಬಾರದು. ಕೆಲವು ನೂರು ರೂಪಾಯಿಗೆ ಸಿಗುವ ಕಡ್ಡಿ ಥರ್ಮಾಮೀಟರ್ ತಂದು ಗಂಟೆಗೊಮ್ಮೆ ನೋಡಲು ಮನೆಯ ಹುಡುಗರೊಬ್ಬರಿಗೆ ಜವಾಬ್ದಾರಿ ಕೊಡಿ. ತಳದಿಂದ ಕದಡಿ, ನಡುವೆ ಇಳಿಬಿಟ್ಟು ನೋಡಬೇಕು; ಮೇಲ್ಮೈಯ ಬಿಸಿ ನಂಬುವಂತಿಲ್ಲ. ಅನಿವಾರ್ಯವಾಗಿ ರಾತ್ರಿಯೇ ಮಾಡಬೇಕಾದರೆ ತಪ್ಪಲೆಯಲ್ಲಿ ಬಿಡಬೇಡಿ. ತುಂಡುಗಳನ್ನು ಬೇರೆ, ರಸವನ್ನು ಬೇರೆ ಮಾಡಿ ಅಗಲ ತಟ್ಟೆಗಳಿಗೆ ಎರಡು ಅಂಗುಲಕ್ಕಿಂತ ಆಳವಾಗದಂತೆ ಹರವಿ, ತಟ್ಟೆಗಳನ್ನು ಐಸು ಹಾಕಿದ ನೀರಿನ ತೊಟ್ಟಿಯಲ್ಲಿಡಿ. ಎರಡು ಗಂಟೆಯೊಳಗೆ 21 ಡಿಗ್ರಿಗೆ, ಅಲ್ಲಿಂದ ನಾಲ್ಕು ಗಂಟೆಯೊಳಗೆ 5 ಡಿಗ್ರಿಗೆ ಇಳಿದು ಫ್ರಿಜ್ ಸೇರಬೇಕು. ನೂರಾರು ಜನರ ಸಾರಿಗೆ ಇದು ಹಳ್ಳಿ ಮನೆಯಲ್ಲಿ ಆಗುವ ಮಾತಲ್ಲ, ಅದಕ್ಕೇ ಬೆಳಗಿನ ಒಲೆ ಎಂದದ್ದು. ಮತ್ತೆ ಕಾಯಿಸುವಾಗ ಬರೀ ಬಿಸಿಯಲ್ಲ, ಕದಡುತ್ತಾ ಪೂರ್ತಿ ಹತ್ತು ನಿಮಿಷ ಕುದಿಯಬೇಕು. ಈ ಕುದಿತ ಪರ್ಫ್ರಿಂಜೆನ್ಸ್‌ಗೆ ಸಾಕು. ಸ್ಟ್ಯಾಫಿಲೊಕಾಕಸ್ ನಂಜು, ಹಳೆಯ ಅನ್ನದ ನಂಜು ಕುದಿಸಿದರೂ ಹೋಗುವುದಿಲ್ಲ. ಹಾಗಾಗಿ ಕೈಯಲ್ಲಿ ಕೀವುಗಾಯ ಇದ್ದವರು ಅಡುಗೆಗೆ, ಬಡಿಸಲಿಕ್ಕೆ ಬೇಡ. ಬಸಿದ ಅನ್ನ ಬುಟ್ಟಿಯಲ್ಲಿ ಹೊತ್ತುಗಟ್ಟಲೆ ಬೆಚ್ಚಗೆ ಕೂರದಂತೆ ಒಮ್ಮೆಗೇ ಮಾಡದೆ ಎರಡು ಮೂರು ಸಲವಾಗಿ ಬೇಯಿಸಿ ಇಳಿಸಲಿ.

ಕೊನೆಯ ಪಂಕ್ತಿ ಎದ್ದ ಮೇಲೆ ನೆಂಟರಿಗೆ ಕ್ಯಾರಿಯರ್ ತುಂಬಿ ಕಳಿಸುವ ಪದ್ಧತಿ ಇದೆಯಲ್ಲ, ಅದೇ ಇನ್ನೊಂದು ಸಣ್ಣ ತಪ್ಪಲೆ. ಬೆಚ್ಚಗಿನ ಸಾರು ಮುಚ್ಚಿದ ಡಬ್ಬಿಯಲ್ಲಿ ಸಂಜೆಯವರೆಗೆ ಬಸ್ಸಿನಲ್ಲಿ ಕೂತು ಊರು ಸೇರುತ್ತದೆ. ಎರಡು ಗಂಟೆಯೊಳಗೆ ಮನೆ ಮುಟ್ಟುವವರಿಗೆ ಮಾತ್ರ ಕೊಡಿ, ಹೋದ ತಕ್ಷಣ ಕುದಿಸಿ ಉಣ್ಣಲು ಹೇಳಿ. ದೂರದವರಿಗೆ ಕಜ್ಜಾಯ, ಚಕ್ಕುಲಿ ಕಟ್ಟಿಕೊಡಿ.